ಕೋಳಿಗಳಿಗೂ ನಾಗೇಶನೇ ಬೇಕು

ಹಾಗಲವಾಡಿ,
ಗುಬ್ಬಿ ತಾಲ್ಲೂಕು.
21 ಜನವರಿ 2026, ಬುಧವಾರ

ನನ್ನ ಮುದ್ದು ಮಗಳು ಇಂಪನಾಳಿಗೆ, ನಿನ್ನ ಅಪ್ಪನ ಮನಸಾರೆ ಆಶೀರ್ವಾದ.

ನಾವೆಲ್ಲ ಇಲ್ಲಿ ಗಟ್ಟಿಮುಟ್ಟಾಗಿದ್ದೇವೆ, ಕೋಳಿಗಳೂ ಸೇರಿದ ಹಾಗೆ. ತುಮಕೂರಿನ ಬಟವಾಡಿಯಲ್ಲಿ ನೀನೂ ಅಳಿಯ ಚೈತನ್ಯನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಹೊಸ ವರ್ಷಕ್ಕೇ ಬರೆಯಬೇಕೆಂದಿದ್ದೆ. ಅದು ಹೋಗಿ ಸಂಕ್ರಾಂತಿಯೂ ಕಳೆಯಿತು. ಬಸ್ಸಿನ ಸ್ಟೀರಿಂಗ್ ಹಿಡಿದ ಕೈಗೆ ಪೆನ್ನು ಬಗ್ಗುವುದಿಲ್ಲ ಕಣಮ್ಮ, ತಡವಾಯಿತು, ಹೊಟ್ಟೆಗೆ ಹಾಕಿಕೋ.

ಫೋನ್ ಇರುವಾಗ ಅಪ್ಪನಿಗೆ ಕಾಗದದ ಹುಚ್ಚು ಯಾಕೆ ಎಂದು ನಗಬೇಡ. ನಮ್ಮ ಫೋನಿನ ಕಥೆ ನಿನಗೇ ಗೊತ್ತು. ನೀನು ನನ್ನ ನಂಬರಿಗೇ ಮಾಡುತ್ತೀಯ. "ಅಪ್ಪಾ, ಊಟ ಆಯ್ತಾ? ಮಾತ್ರೆ ತಗೊಂಡ್ರಾ?" ಅನ್ನುತ್ತೀಯ. ನಾನು ಹೂಂ ಎಂದು, ಮುಂದೆ ಏನು ಮಾತಾಡಲಿ ಎಂದು ಯೋಚಿಸುವಷ್ಟರಲ್ಲಿ "ಮಾವ ಅಲ್ಲೇ ಇದಾರಾ? ಕೊಡಿ" ಅನ್ನುತ್ತೀಯ. ಆಮೇಲೆ ಅರ್ಧ ಗಂಟೆ ನಾಗೇಶನ ನಗು ಹಟ್ಟಿಗೆಲ್ಲ ಕೇಳುತ್ತದೆ. ಫೋನ್ ನನ್ನದು, ಮಾತು ಅವನದು. ಕಾಗದವಾದರೆ ನೀನು ನಡುವೆ ಬಾಯಿ ಹಾಕಿ ಮಾವನಿಗೆ ಕೊಡಿ ಎನ್ನಲಾಗುವುದಿಲ್ಲವಲ್ಲ, ಅದಕ್ಕೇ.

ಮುಚ್ಚುಮರೆ ಯಾಕೆ? ನಿನ್ನ ಸೋದರಮಾವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅರವತ್ತು ದಾಟಿದವನು ಭಾವಮೈದನ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು, ಗೊತ್ತು. ಗೊತ್ತಿದ್ದರೆ ಉರಿ ಕಡಿಮೆಯಾಗುತ್ತದೆಯೇ?

ನಾನು ಮೂವತ್ತು ವರ್ಷ ಯಾವ್ಯಾವುದೋ ಡಿಪೋದಲ್ಲಿದ್ದೆ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದೆ. ಕೊರೊನಾದಲ್ಲಿ ಗುಬ್ಬಿಯ ಹೋಟೆಲ್ ಮುಚ್ಚಿಕೊಂಡು ನಾಗೇಶ, ಹೆಂಡತಿ ಸರ್ವಮಂಗಳಳ ಜೊತೆ ಅಕ್ಕನ ಮನೆಗೆ ಬಂದ. ಬರುವಾಗ ಒಂದು ಮಂಕರಿ ಗಿರಿರಾಜ ಕೋಳಿಮರಿಗಳನ್ನು ತಂದ. ಇವತ್ತು ತೆಂಗಿನ ತೋಟದ ಒಳಗೆ ಎರಡು ಶೆಡ್ಡು, ಸುತ್ತ ಬಲೆ, ಭಾನುವಾರ ಬಂದರೆ ಮಾಂಸ ಕೊಳ್ಳಲು ತುಮಕೂರಿನಿಂದ ಕಾರುಗಳು. ನಾನು ನಿವೃತ್ತನಾಗಿ ಬರುವ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು. ಬಸ್ಸು ತುಂಬಿದ ಮೇಲೆ ಹತ್ತಿದ ಪ್ರಯಾಣಿಕನ ಹಾಗೆ ನಾನು ಕಂಬಿ ಹಿಡಿದು ನಿಂತೆ.

ಭಾನುವಾರ ಬೆಳಿಗ್ಗೆ ನೀನು ಒಮ್ಮೆ ಬಂದು ನೋಡಬೇಕು. ಮಂಜು ಇನ್ನೂ ಹರಿದಿರುವುದಿಲ್ಲ, ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ. ನಾಗೇಶ ಕುಯ್ದು ಕೊಡುತ್ತಾನೆ. ನಿನ್ನಮ್ಮ ಬಿಸಿನೀರಿಗೆ ಅದ್ದಿ ಪುಕ್ಕ ತರಿಯುತ್ತಾಳೆ. ಸರ್ವಮಂಗಳ ಒಣ ತೆಂಗಿನ ಗರಿ ಹೊತ್ತಿಸಿ, ಉಳಿದ ರೋಮವೆಲ್ಲ ಹೋಗುವ ಹಾಗೆ ಸುಟ್ಟು, ಅರಿಶಿನ ಬಳಿಯುತ್ತಾಳೆ. ಮತ್ತೆ ಅದು ನಾಗೇಶನ ಕೈಗೇ ಬರುತ್ತದೆ, ಹೊಟ್ಟೆ ಸೀಳಿ ತುಂಡು ಮಾಡುವುದಕ್ಕೆ. ಒಬ್ಬರೂ ಒಬ್ಬರ ಮುಖ ನೋಡುವುದಿಲ್ಲ. ಇವನು ಕೈ ಚಾಚಿದರೆ ನಿನ್ನಮ್ಮನ ಕೈಯಿಂದ ಕತ್ತಿ ಬರುತ್ತದೆ, ಅವಳು "ಹೂಂ" ಅಂದರೆ ಇವನು ನೀರು ಹೊಯ್ಯುತ್ತಾನೆ. ನನ್ನ ಸಂಸಾರದಲ್ಲಿ ನಾನು ಕೈ ಚಾಚಿದಾಗ ಕೇಳದೆ ಬಂದದ್ದು ಕಾಫಿ ಲೋಟ ಒಂದೇ.

ಇಷ್ಟರಲ್ಲಿ ನಿನ್ನಪ್ಪನ ಡ್ಯೂಟಿ ಏನು ಗೊತ್ತೇ? ಪ್ಲಾಸ್ಟಿಕ್ ಕುರ್ಚಿ, ಕೈಯಲ್ಲೊಂದು ಕೋಲು. "ಭಾವ, ನೀವು ನಾಯಿ ನೋಡ್ಕಳಿ, ಸಾಕು" ಅಂದ ನಿನ್ನ ಮಾವ. ಒಂದೂ ಅಪಘಾತ ಮಾಡದೆ ಬಸ್ಸು ಓಡಿಸಿ ಪದಕ ತಗೊಂಡವನು ನಾನು, ಈಗ ಕರಿನಾಯಿ, ಕೆಂದನಾಯಿಗಳ ಮೇಲ್ವಿಚಾರಕ! ಆಟಕ್ಕುಂಟು ಲೆಕ್ಕಕ್ಕಿಲ್ಲ. ಒಂದು ಸಲ ನಾನೂ ಪುಕ್ಕ ತರಿಯಲು ಕೂತೆ. ತೊಗಲೂ ಜೊತೆಗೇ ಕಿತ್ತು ಬಂತು. ನಿನ್ನಮ್ಮ ಬೈಯಲಿಲ್ಲ. "ಬುಡಿ, ನಿಮಗ್ಯಾಕೆ? ಅಂಗಿ ಕೊಳೆ ಆಯ್ತದೆ" ಎಂದು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡಳು. ನೆಂಟರ ಮನೆಯಲ್ಲಿ ತಟ್ಟೆ ತೊಳೆಯಲು ಹೋದರೆ ಹೀಗೇ ಅಲ್ಲವೇ ಕಸಿದುಕೊಳ್ಳುವುದು?

ಊಟಕ್ಕೆ ಕೂತಾಗಲೂ ಅಷ್ಟೇ. ಕೋಳಿ ಹೊಟ್ಟೆಯೊಳಗಿನ ಕಂದನಕಾಯಿ ಮನೆ ಯಜಮಾನನಿಗೆ ಎಂಬುದು ನಮ್ಮ ಹಟ್ಟಿಯ ಪದ್ಧತಿ. ಸಾರು ಬಡಿಸುವಾಗ ನಿನ್ನಮ್ಮ ಅದನ್ನು ಹುಡುಕಿ ನನ್ನ ಮುದ್ದೆಯ ಪಕ್ಕಕ್ಕೆ ಇಡುತ್ತಾಳೆ, ತಪ್ಪಿಸುವುದಿಲ್ಲ. ಆದರೆ ಕೊರಳಿನ ಮೂಳೆಗಾಗಿ ಅಕ್ಕ ತಮ್ಮ ಕಿತ್ತಾಡುತ್ತಾರೆ ನೋಡು! "ಹೋದ್ ವಾರ ನೀನೇ ತಿಂದಲ್ಲೋ!" "ನಿಂಗೆ ಹಲ್ಲೆಲ್ಲಿ ಅವೆ, ತತ್ತಾ ಇಲ್ಲಿ!" ನಾನು ಗೌರವದ ತುಂಡನ್ನು ಅಗಿಯುತ್ತಾ ಅವರಿಬ್ಬರ ಬಾಯಿ ನೋಡುತ್ತೇನೆ. ಆ ಮೂಳೆಯಲ್ಲಿ ಮಾಂಸವಾದರೂ ಎಷ್ಟಿರುತ್ತದೆ? ನನಗದು ಬೇಕು, ಮಗಳೇ. ಜಗಳವಾಡಿ ಬೇಕು.

ಮನುಷ್ಯರು ಹೋಗಲಿ, ಕೋಳಿಗಳಿಗೂ ನಾಗೇಶನೇ ಬೇಕು. ಅವನು ಬಲೆಯ ಹತ್ತಿರ ನಿಂತು "ಬಬ್ಬಬ್ಬಬ್ಬಾ" ಅಂದರೆ ಸಾಕು, ತೋಟದ ಮೂಲೆಯಿಂದೆಲ್ಲ ರೆಕ್ಕೆ ಬಿಚ್ಚಿಕೊಂಡು ಓಡಿ ಬಂದು ಕಾಲಿಗೆ ಮುತ್ತುತ್ತವೆ. ನಾನು ಹೋದರೆ ಒಂದು ಕಾಲೆತ್ತಿ, ಕತ್ತು ಓರೆ ಮಾಡಿ, ಇವನ್ಯಾರು ಎಂದು ನೋಡುತ್ತವೆ. ಕುಯ್ಯುವವನು ಅವನು, ನಾನು ಜೀವವಿರುವ ಕೋಳಿಯ ಒಂದು ಪುಕ್ಕವನ್ನೂ ಕಿತ್ತವನಲ್ಲ. ಆದರೂ ಪ್ರೀತಿ ಅವನ ಮೇಲೆ. ಇದಕ್ಕೆ ಏನನ್ನುತ್ತೀಯ?

ಹೋದ ಶನಿವಾರ ಸಂಜೆ ಇದೇ ಉರಿಯಲ್ಲಿ ಒಂದು ಕೆಲಸ ಮಾಡಿದೆ. ಮೂವರೂ ಒಳಗೆ ಧಾರಾವಾಹಿ ನೋಡುತ್ತಿದ್ದರು. ಮರುದಿನಕ್ಕೆಂದು ಬೇರೆ ಮಾಡಿದ್ದ ಕೋಳಿಗಳು ಪಕ್ಕದ ಗೂಡಿನಲ್ಲಿ ಹಸಿದು ಕೂಗುತ್ತಿದ್ದವು. ನಾಗೇಶ ಮಧ್ಯಾಹ್ನದಿಂದ ಅವಕ್ಕೆ ಒಂದು ಕಾಳೂ ಹಾಕಿರಲಿಲ್ಲ. ನಾಳೆ ಹೋಗುವವಕ್ಕೆ ಇವತ್ತು ಮೇವು ಯಾಕೆ ಎಂಬ ಜಿಪುಣತನವೆಂದು ನಾನು ತಿಳಿದೆ. ಒಂದು ಮೊರ ರಾಗಿ ತಂದು, ಗೂಡಿನ ಬಾಗಿಲು ತೆಗೆದು ಒಳಗೇ ಕುಕ್ಕರುಗಾಲಲ್ಲಿ ಕೂತೆ. "ಬಬ್ಬಬ್ಬಬ್ಬಾ" ಅಂದೆ. ಬಂದವು, ಇಂಪನಾ! ನನ್ನ ಪಾದದ ಮೇಲೆ ಹತ್ತಿದವು, ಅಂಗೈಯಿಂದ ಹೆಕ್ಕಿದವು, ಒಂದು ಹುಂಜ ಮೊಣಕಾಲಿನ ಮೇಲೇ ಏರಿ ಕೂತಿತು. ಮೊರ ಖಾಲಿಯಾದಾಗ ಇನ್ನೊಂದು ಮೊರ ತಂದೆ. ಈ ಮನೆಯಲ್ಲಿ ನನ್ನ ಸುತ್ತ ಅಷ್ಟು ಜೀವಗಳು ನೆರೆದದ್ದು ಅದೇ ಮೊದಲು. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಕುಯ್ಯುವ ಕೋಳಿಗೆ ಹಿಂದಿನ ದಿನವೇ ಮೇವು ನಿಲ್ಲಿಸಬೇಕು, ಹೊಟ್ಟೆ ಖಾಲಿಯಿದ್ದರೇ ಮಾಂಸ ಶುದ್ಧ, ಎಂಬುದು ಈ ಮನೆಯ ನಾಯಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಭಾನುವಾರ ಮೊದಲನೇ ಕೋಳಿಗೆ ಕತ್ತಿ ಇಟ್ಟೊಡನೆ ಕೊರಳ ಬುಡದ ಚೀಲ ಒಡೆದು ನೆನೆದ ರಾಗಿ ಚೆಲ್ಲಿತು. ಕರುಳೂ ತುಂಬಿತ್ತು, ಹರಿಯಿತು. ಹೇಸಿಗೆಯೆಲ್ಲ ಮಾಂಸಕ್ಕೆ ಮೆತ್ತಿಕೊಂಡಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ತೊಳೆದು ತೊಳೆದು ಡ್ರಮ್ಮಿನ ನೀರು ಮುಗಿಯಿತು, ವಾಸನೆ ಹೋಗಲಿಲ್ಲ. ಪ್ರತಿ ವಾರ ತಪ್ಪದೆ ಬರುವ ಗುಂಡಯ್ಯ ಮೇಷ್ಟ್ರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು, "ಇವತ್ತು ಬ್ಯಾಡ ಬುಡಪ್ಪ, ಬಾಯ್ಲರ್ ಕೋಳಿನೇ ತಗಂಡು ಹೋಯ್ತೀನಿ" ಎಂದು ಬರಿಗೈಯಲ್ಲಿ ಕಾರು ಹತ್ತಿದರು.

ನಿನ್ನಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು. "ಯಾರ್ಲಾ ಮೇವು ಹಾಕ್ದೋರು?"

ನಾನು ಕುರ್ಚಿಯಿಂದ ಎದ್ದೆ. ಬಾಯಿ ತೆರೆದಿದ್ದೆ, ದೇವರಾಣೆಗೂ. ನಾಗೇಶ ಒಮ್ಮೆ ನನ್ನ ಮುಖ ನೋಡಿದ. "ನಾನೇ ಕಣಕ್ಕ. ಮರ್ತು ಹಾಕ್ಬುಟ್ಟೆ" ಅಂದ.

ಆಮೇಲೆ ಬಿದ್ದ ಬೈಗುಳ ಕೇಳಬೇಕಿತ್ತು ನೀನು! "ನಿನ್ ತಲೆಗಿಷ್ಟು ಬೆಂಕಿ ಹಾಕ! ಐದ್ ವರ್ಷದಿಂದ ಮಾಡ್ತಿದೀಯ, ಬುದ್ಧಿ ಎಲ್ಲಿ ಮೇಯಕ್ಕೆ ಹೋಗಿತ್ತೋ ಮುಂಡೇದೇ!" ಎಂದು ಒದ್ದೆ ಕೈಯಲ್ಲೇ ಅವನ ಬೆನ್ನಿಗೆ ಗುದ್ದಿದಳು. ಪುಕ್ಕ ಅಂಟಿದ ಕೈಯ ಅಚ್ಚು ಅವನ ಬನಿಯನ್ನಿನ ಮೇಲೆ ಮೂಡಿತು. ಸರ್ವಮಂಗಳ ಅದನ್ನು ನೋಡಿ ಕಿಸಕ್ಕೆಂದಳು, ನಾಗೇಶನೂ ನಕ್ಕ, ಕೊನೆಗೆ ನಿನ್ನಮ್ಮನಿಗೂ ನಗು ತಡೆಯಲಾಗಲಿಲ್ಲ. ಅಷ್ಟು ನಷ್ಟದ ನಡುವೆ ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಕೋಲು ಹಿಡಿದು ನಿಂತಿದ್ದೆ.

ಆ ಬೈಗುಳ ನನ್ನದು, ಮಗಳೇ. ನ್ಯಾಯವಾಗಿ ನನಗೆ ಸೇರಬೇಕಾಗಿದ್ದ ಗುದ್ದು ಅದು. ನನ್ನ ಹೆಂಡತಿ ನನ್ನ ತಪ್ಪಿಗೆ ಇನ್ನೊಬ್ಬನ ಬೆನ್ನಿಗೆ ಗುದ್ದಿ ನಕ್ಕಳು. ನನ್ನ ತಪ್ಪನ್ನೂ ನನಗೆ ಬಿಡಲಿಲ್ಲವಲ್ಲ ಅವನು! ಆಮೇಲೆ ನಲ್ಲಿಯ ಹತ್ತಿರ ಅವನನ್ನು ತಡೆದು, "ಯಾಕೋ ನಿನ್ನ ಮೈಮೇಲೆ ಎಳ್ಕಂಡೆ?" ಎಂದೆ. "ಬುಡಿ ಭಾವ, ಬೈಸ್ಕಂಡು ರೂಢಿ ಐತೆ ನಂಗೆ" ಎಂದು ಕೈ ತೊಳೆದು ಹೋದ. ಅವನು ಒಂದಿಷ್ಟು ಕೆಟ್ಟವನಾಗಿದ್ದಿದ್ದರೆ ನಾನು ಎಷ್ಟು ಸುಖವಾಗಿರುತ್ತಿದ್ದೆ.

ಸೋಮವಾರ ತಡೆಯಲಾಗದೆ, ಅವರೆಕಾಯಿ ಸುಲಿಯುತ್ತಿದ್ದ ನಿನ್ನಮ್ಮನ ಎದುರು ಕೂತು ಹೇಳಿದೆ, ರಾಗಿ ಹಾಕಿದವನು ನಾನು ಎಂದು.

"ಗೊತ್ತು" ಅಂದಳು, ತಲೆಯೆತ್ತದೆ. "ನಿಮ್ ಚಪ್ಲಿ ತುಂಬಾ ರಾಗಿ ಮೆತ್ಕಂಡಿತ್ತಲ್ಲ."

"ಗೊತ್ತಿದ್ದೂ ಅವನಿಗೆ ಯಾಕೆ ಬೈದೆ?"

"ಇನ್ಯಾರಿಗೆ ಬೈಲಿ? ನಿಮ್ಗೆ ಬೈಯಕ್ಕೆ ನಂಗೆಲ್ಲಿ ಬತ್ತದೆ? ವಾರಕ್ಕೊಂದಿನ ಬಂದೋರಿಗೆ ಯಾರಾದ್ರೂ ಬೈತಾರಾ?"

ಅವಳು ಚುಚ್ಚಲು ಹೇಳಿದ್ದಲ್ಲ, ಸುಮ್ಮನೆ ಇದ್ದದ್ದನ್ನು ಹೇಳಿದಳು. ನಾನು ಒಂದು ಹಿಡಿ ಅವರೆಕಾಯಿ ಎಳೆದುಕೊಂಡು ಸುಲಿಯತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ, "ಹುಳ ಇರದೂ ಹಾಕ್ತಾ ಇದೀರ, ಕಣ್ ಕಾಣ್ಸಕಿಲ್ವಾ?" ಅಂದಳು. ಅಷ್ಟು ಜೋರೇನಲ್ಲ. ಆದರೂ ಬೈಗುಳವೇ. ಇನ್ನೆರಡು ಹುಳುಕನ್ನು ಬೇಕೆಂದೇ ಹಾಕಿದೆ.

ಬರುವ ಭಾನುವಾರ ಗರಿ ಹೊತ್ತಿಸುವ ಕೆಲಸ ನನಗೆ ಕೊಡಲು ಸರ್ವಮಂಗಳ ಒಪ್ಪಿದ್ದಾಳೆ. "ಕೋಳಿ ಸುಡ್ಬೇಕು ಅಣ್ಣ, ಕೈ ಅಲ್ಲ" ಎಂದು ಎಚ್ಚರಿಸಿದ್ದಾಳೆ. ಆದರೆ ಹೊಟ್ಟೆಕಿಚ್ಚು ಕಮ್ಮಿಯಾಗಿದೆ ಎಂದುಕೊಳ್ಳಬೇಡ. ಈ ಸಾಲು ಬರೆಯುತ್ತಿರುವಾಗಲೂ ಅವನು ಹೊರಗೆ "ಬಬ್ಬಬ್ಬಬ್ಬಾ" ಅನ್ನುತ್ತಿದ್ದಾನೆ, ಅವು ಓಡುತ್ತಿವೆ.

ಚಳಿ ಜಾಸ್ತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಓಡಾಡು. ಅಳಿಯನಿಗೆ ಸ್ಕೂಟರ್ ನಿಧಾನ ಓಡಿಸಲು ಹೇಳು, ಬಟವಾಡಿ ಹತ್ತಿರ ಹೈವೇ ದಾಟುವಾಗ ಎರಡೂ ಕಡೆ ನೋಡಲಿ. ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಮನೆ ತುಂಬಿರಲಿ, ನಿನ್ನ ಮಡಿಲು ತಂಪಾಗಿರಲಿ.

ಇಂತಿ ನಿನ್ನ ಅಪ್ಪ,
ದೊಡ್ಡರಂಗಯ್ಯ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಸುತ್ತು ಹಾಕಿದೆ. ನಿನ್ನೆ ಕೋಳಿ ಮೇವು ತರಲು ಗುಬ್ಬಿಗೆ ಹೋಗಿದ್ದೆ. ಅಂಗಡಿಯ ಯಲ್ಲಯ್ಯ ಮೂಟೆ ಎತ್ತಿ ಆಟೋಗೆ ಹಾಕುತ್ತಾ, "ತಾತ ಆಯ್ತಾ ಇದೀರಂತೆ, ಸಿಹಿ ಇಲ್ವಾ ನಮ್ಗೆ? ನಾಗೇಶಣ್ಣ ಹೋದ್ ವಾರ್ವೇ ಹೇಳ್ದ" ಅಂದ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ಇಲ್ದೆ ಏನಪ್ಪ, ಮಗಳು ಮೊದಲು ನಂಗೇ ಹೇಳಿದ್ದು" ಅಂದೆ. ಎದುರು ಬೇಕರಿಯಿಂದ ಮೈಸೂರುಪಾಕ ತಂದು ಅಂಗಡಿಯಲ್ಲಿದ್ದವರಿಗೆಲ್ಲ ಹಂಚಿದೆ. ನಾನೂ ಒಂದು ತಿಂದೆ.

ಹೆಣ್ಣುಮಕ್ಕಳು ಇಂಥದ್ದನ್ನು ತಾಯಿಗೇ ಮೊದಲು ಹೇಳುವುದು, ಅದಕ್ಕೆ ನನ್ನ ತಕರಾರಿಲ್ಲ. ನೀನು ಮಾವನಿಗೂ ಹೇಳಿದೆ, ಇರಲಿ. ಮನೆಗೆ ಬಂದು ಯಾರನ್ನೂ ಏನೂ ಕೇಳಲಿಲ್ಲ. ನಿನ್ನಮ್ಮ ಕಾಫಿ ಕೊಟ್ಟಳು, ಕುಡಿದೆ. ಈ ಕೊನೆಯ ಸಾಲುಗಳನ್ನು ನೀನು ಓದಲೇ ಇಲ್ಲ ಎಂದುಕೋ. ನಾಳೆ ನಾಳಿದ್ದರಲ್ಲಿ ಒಂದು ಫೋನ್ ಮಾಡು, ಮಾವನಿಗೆ ಕೊಡಿ ಎನ್ನುವ ಮೊದಲು ನನಗೆ ಹೇಳು. ಆಗ ನನಗೇನೂ ಗೊತ್ತಿರುವುದಿಲ್ಲ, ಮಗಳೇ. ಮೊದಲ ಸಲ ಕೇಳಿದವನ ಹಾಗೆ ಕುಣಿಯುತ್ತೇನೆ.