ಬೇರೆ ತಟ್ಟೆ

ಕೈರುವಾನ್
೧೧ ಫೆಬ್ರವರಿ ೧೯೯೮

ಪ್ರೀತಿಯ ತಂಗಿ ಶಾದ್ಲಿಯಾಗೆ,

ಅಕ್ಕನ ಸಲಾಮು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಬರೆದರೆ ಅಂಚೆಗೆ ಹಾಕಲು ಸೊಸೆಯ ಕೈಗೇ ಕೊಡಬೇಕಿತ್ತು. ಅವಳು ಒಡೆದು ಓದುತ್ತಾಳೆಂದು ನನಗೆ ಅನುಮಾನ. ಇವತ್ತು ನಾನೇ ಹೋಗಿ ಹಾಕುತ್ತೇನೆ.

ನಿನ್ನ ಭಾವ ಖಮೈಸ್‌ಗೆ ಮೂರನೆಯ ಸುತ್ತಿನ ಔಷಧಿ ಏರಿಸಿದರು. ಕತ್ತಿನ ಕ್ಯಾನ್ಸರ್ ಗಂಟು ಕರಗುತ್ತಿದೆಯಂತೆ. ಅದು ಡಾಕ್ಟರ ಮಾತು, ನಾನು ಕಂಡದ್ದು ಉದುರಿದ ಕೂದಲು ಮತ್ತು ಬಿಳಿಚಿಕೊಂಡ ಮುಖ ಮಾತ್ರ. ಈಗ ರಕ್ತದ ಬಿಳಿ ಕಣಗಳೂ ಸತ್ತಿವೆಯಂತೆ. "ರೋಗದ ಜೊತೆ ಕಾವಲಿನವೂ ಸಾಯ್ತವೆ ಅಮ್ಮಾ. ಎರಡು ವಾರದಲ್ಲಿ ಮತ್ತೆ ಹುಟ್ಕೊಳ್ತವೆ. ಅಲ್ಲೀವರೆಗೆ ಒಂದು ನೆಗಡಿ ಸಾಕು ಇವರನ್ನ ಕೆಡವೋಕೆ" ಎಂದರು ಡಾಕ್ಟರು. ಕಳ್ಳನನ್ನು ಹಿಡಿಯಲು ಬಂದವನು ಕಾವಲುಗಾರನನ್ನೂ ಹೊಡೆದು ಮಲಗಿಸಿದರೆ ಅವನನ್ನು ನಂಬುವುದು ಹೇಗೆ, ನೀನೇ ಹೇಳು.

ಸೊಸೆ ಹಾಯೆತ್ ಮಾತ್ರ ಆ ಮಾತನ್ನೇ ಕಚ್ಚಿ ಹಿಡಿದಳು. ಶಾಲೆಯ ಟೀಚರು ನೋಡು, ನಮ್ಮನ್ನೂ ಒಂದನೇ ತರಗತಿಯಲ್ಲಿ ಕೂರಿಸಿದ್ದಾಳೆ. ಈದಿಗೆ ಬಂದವರನ್ನೆಲ್ಲ ಬಾಗಿಲಲ್ಲೇ ತಿರುಗಿಸಿದಳು. ಇವರ ಜೊತೆ ಮೂವತ್ತು ವರ್ಷ ರತ್ನಗಂಬಳಿ ಮಾರಿದ ಹಮ್ಮಾದಿ, "ಮುದುಕನ ಕೆನ್ನೆಗೆ ಹಬ್ಬದ ಮುತ್ತು ಕೊಟ್ಟು ಹೋಗ್ತೀನಿ ತಾಯಿ, ಕಚ್ಚೋದಿಲ್ಲ" ಎಂದು ಅಂಗಲಾಚಿದ. "ಕಿಟಕಿ ಗಾಜಿನ ಮೇಲೆ ಕೊಡಿ ಚಿಕ್ಕಪ್ಪ" ಎಂದಳು ಇವಳು. ರೋಗಿಯನ್ನು ನೋಡಿಬರುವ ಪುಣ್ಯವನ್ನು ತಡೆಯಲು ಇವಳು ಯಾರು? ಮನೆಯ ಯಜಮಾನಿಕೆಗೇ ಕೈ ಹಾಕಿದ್ದಾಳೆಂದು ನನಗೆ ಖಾತ್ರಿಯಾಯಿತು.

ಎಲ್ಲಕ್ಕಿಂತ ಉರಿಸಿದ್ದು ಆ ತಟ್ಟೆ. ನಲವತ್ತೊಂದು ವರ್ಷ ನಾವಿಬ್ಬರೂ ಒಂದೇ ಹರಿವಾಣದಲ್ಲಿ ಉಂಡವರು. ಇವಳು ಅವರ ಮುಂದೆ ಬೇರೆ ತಟ್ಟೆ, ಬೇರೆ ಚಮಚ ಇಟ್ಟಳು. "ಹನ್ನೆರಡು ದಿನ ಅಷ್ಟೇ ಅತ್ತೆ" ಅಂದಳು. ಅವರು ತಟ್ಟೆ ನೋಡಿ, ನನ್ನನ್ನು ನೋಡಿ, "ಏನ್ ಮನ್ನೂಬಿಯಾ, ನನ್ನನ್ನ ಈಗ್ಲೇ ಬೇರೆ ಹಾಕಿಬಿಟ್ರಾ?" ಎಂದು ನಕ್ಕರು.

ಹಬ್ಬ ಕಳೆದ ಭಾನುವಾರ ಹಾಯೆತ್ ನನ್ನ ಮಗ ಮೊಂದೆರ್ ಜೊತೆ ತವರಿಗೆ ಹೋಗಿದ್ದಳು. ನಾನು ಕುರಿಮಾಂಸ ಹಾಕಿ ಕುಸ್ಕುಸ್ ಮಾಡಿದೆ. ಹಳೆಯ ಹರಿವಾಣ ಇಳಿಸಿ ಇಬ್ಬರೂ ಮೊಣಕಾಲು ತಾಗಿಸಿ ಕೂತು ಉಂಡೆವು. ಒಳ್ಳೆಯ ತುಂಡುಗಳನ್ನು ನನ್ನ ಚಮಚದಿಂದಲೇ ಅವರ ಬಾಯಿಗಿಟ್ಟೆ. ಒಂದು ತಿಂಗಳಲ್ಲಿ ಅವರು ಅಷ್ಟು ತಿಂದಿರಲಿಲ್ಲ.

ಮಂಗಳವಾರ ಜ್ವರ ಬಂತು. ಈಗ ಎಂಟು ದಿನದಿಂದ ಆಸ್ಪತ್ರೆಯಲ್ಲಿದ್ದಾರೆ, ಎದೆ ತುಂಬ ಕಫ, ಮೂಗಿಗೆ ನಳಿಗೆ, ಕಣ್ಣು ಬಿಡುವುದೇ ಅಪರೂಪ. "ಮನೇಲಿ ಯಾರಿಗೆ ಕೆಮ್ಮಿತ್ತು?" ಎಂದು ಡಾಕ್ಟರು ಕೇಳಿದರು. ಮೊಂದೆರ್ ಹೆಂಡತಿಯ ಕಡೆ ತಿರುಗಿದ. "ಶಾಲೆ ಮಕ್ಕಳ ಸಿಂಬಳ ಇವಳೇ ಹೊತ್ಕೊಂಡ್ ಬಂದಿರ್ತಾಳೆ. ಊರಿಗೆಲ್ಲ ಬಾಗಿಲು ಹಾಕಿದ್ಲಲ್ಲ, ತಾನು ಮಾತ್ರ ಒಳಗೆ." ಅವಳು ಉತ್ತರ ಕೊಡಲಿಲ್ಲ. ಸುಮ್ಮನಿದ್ದದ್ದೇ ಒಪ್ಪಿಗೆ ಎಂದು ಎಲ್ಲರೂ ತಿಳಿದರು. ನಾನೂ ಏನೂ ಹೇಳಲಿಲ್ಲ. ಮರುದಿನ ಬಟ್ಟೆ ತುಂಬಿಕೊಂಡು ತವರಿಗೆ ಹೋದಳು.

ನಿನ್ನ ಮಕ್ಕಳಿಗೆ ನನ್ನ ಮುತ್ತು. ಅಲ್ಲಾಹ್ ನಿನ್ನ ಮನೆಯವರನ್ನು ಆರೋಗ್ಯವಾಗಿ ಇಡಲಿ. ನಿಮ್ಮ ಬೆಟ್ಟದ ಝಾತರ್ ಸೊಪ್ಪು ಒಂದು ಕಟ್ಟು ಕಳಿಸು, ನನ್ನದು ಮುಗಿದಿದೆ.

ನಿನ್ನ ಅಕ್ಕ,
ಮನ್ನೂಬಿಯಾ

ತಾ.ಕ.: ಕೆಮ್ಮಿನ ಸೊಪ್ಪು ಅಷ್ಟು ಬೇಗ ಹೇಗೆ ಮುಗಿಯಿತೆಂದು ನೀನು ಕೇಳಿಯೇ ಕೇಳುತ್ತೀ. ಕೆಮ್ಮಿದ್ದು ನನಗೆ, ಆ ಭಾನುವಾರಕ್ಕೂ ಮೂರು ದಿನ ಮೊದಲಿನಿಂದ. ಗೊತ್ತಾದರೆ ಹಾಯೆತ್ ನನ್ನನ್ನೂ ಅವರ ಕೋಣೆಯಿಂದ ಹೊರಗಿಡುತ್ತಾಳೆಂದು ದಿಂಬಿಗೆ ಬಾಯಿ ಒತ್ತಿ ಕೆಮ್ಮಿದೆ. ಕಷಾಯ ಕುಡಿದ ಲೋಟವನ್ನು ಮಂಚದಡಿ ಬಚ್ಚಿಟ್ಟಿದ್ದೆ. ಮೊನ್ನೆ ಬಗ್ಗಿ ನೋಡಿದರೆ ಲೋಟ ತೊಳೆದು ಬೋರಲು ಹಾಕಿದೆ, ಪಕ್ಕದಲ್ಲಿ ಒಂದು ಹೊಸ ಮಾಸ್ಕಿನ ಕಟ್ಟು. ನನ್ನ ಮಂಚದಡಿ ಗುಡಿಸುವವಳು ಹಾಯೆತ್ ಒಬ್ಬಳೇ. ಎಲ್ಲ ಗೊತ್ತಿದ್ದೂ ಆಸ್ಪತ್ರೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಮೊಂದೆರ್‌ಗೆ ಹೇಳಬೇಕು. ಅವರು ಕಣ್ಣು ಬಿಟ್ಟರೆ ಅವರಿಗೂ ಹೇಳಬೇಕು. ಎರಡು ದಿನದಿಂದ ಬಾಯಿ ಬರುತ್ತಿಲ್ಲ ಶಾದ್ಲಿಯಾ, ಅದಕ್ಕೇ ಮೊದಲು ನಿನಗೆ ಬರೆದೆ.