ಕರೆಂಟು ಹೋದರೆ ಕಬ್ಬಿಣ ಬೀಳುತ್ತದೆ

ಕಾರ್ಖಾನೆಗಳ ಸುರಕ್ಷತೆ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಭಾಂಡುಪಿನ ಗುಜರಿ ಅಂಗಳದಲ್ಲಿ ನನ್ನ ತಂಗಿಯ ಮಗಳು ಸೋಮವ್ವ ಸತ್ತದ್ದಕ್ಕೆ ‘ಕ್ರೇನಿನ ಅಯಸ್ಕಾಂತವು ಅನಿರೀಕ್ಷಿತವಾಗಿ ಶಕ್ತಿ ಕಳೆದುಕೊಂಡದ್ದು’ ಕಾರಣವೆಂದು ವರದಿ ಬರೆದಿದ್ದೀರಿ. ಸೋಮವಾರ ಅಂಗಳವನ್ನು ಮತ್ತೆ ತೆರೆಯಬಹುದೆಂದು ಸಹಿಯನ್ನೂ ಹಾಕಿದ್ದೀರಿ. ಊರಿನ ನೆಂಟರಿಗೆ ಪತ್ರ ಬರೆದು ರೂಢಿಯಿರುವ ಮುದುಕ ನಾನು. ಕ್ಷೇಮ ಕೇಳದೆ ಶುರುಮಾಡಿದ ಪತ್ರ ಇದೇ ಮೊದಲು. ನೀವು ಕ್ಷೇಮವಾಗಿಯೇ ಇದ್ದೀರಿ, ಬಿಡಿ.

ಅನಿರೀಕ್ಷಿತ ಎಂದರೇನು ಸ್ವಾಮಿ? ಕ್ರೇನಿಗೆ ತೂಗುಹಾಕಿದ ಆ ದುಂಡು ತಟ್ಟೆ ತಾನಾಗಿ ಅಯಸ್ಕಾಂತವಲ್ಲ. ಒಳಗಿನ ತಂತಿಸುರುಳಿಯಲ್ಲಿ ಕರೆಂಟು ಹರಿಯುವಷ್ಟು ಹೊತ್ತು ಮಾತ್ರ ಅದು ಅಯಸ್ಕಾಂತ. ನಾನಿದನ್ನು ಮೊಮ್ಮಗಳ ಪುಸ್ತಕದಲ್ಲಿ ಓದಿ ತಿಳಿದೆ. ನಿಮಗೆ ಶಾಲೆಯಲ್ಲೇ ಈ ಪಾಠ ಆಗಿರಬೇಕು. ಎಲೆಕ್ಟ್ರಾನುಗಳ ದೆಸೆಯಿಂದ ಕಬ್ಬಿಣದ ಒಂದೊಂದು ಪರಮಾಣುವೂ ಪುಟ್ಟ ಅಯಸ್ಕಾಂತವೇ. ಕರೆಂಟು ಬಂದರೆ ಅವೆಲ್ಲ ಒಂದೇ ದಿಕ್ಕಿಗೆ ತಿರುಗುತ್ತವೆ, ಮಂತ್ರಿ ಬಂದಾಗ ನಿಮ್ಮ ಕಚೇರಿ ತಿರುಗುವ ಹಾಗೆ. ಹೋದರೆ ಚದುರುತ್ತವೆ, ಮಂತ್ರಿ ಹೋದ ಮೇಲಿನ ನಿಮ್ಮ ಕಚೇರಿಯ ಹಾಗೆ. ತಾಮ್ರದಲ್ಲಿ, ಹಿತ್ತಾಳೆಯಲ್ಲಿ ಈ ಪುಟ್ಟ ಬಲಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಅದಕ್ಕೇ ತಟ್ಟೆ ಅವನ್ನು ಸೆಳೆಯುವುದಿಲ್ಲ.

ನಮ್ಮ ಹುಡುಗಿ ಸತ್ತದ್ದು ಇದರಿಂದಲೇ. ಕ್ರೇನು ಕಬ್ಬಿಣ ಎತ್ತಿದಾಗ ನಡುವೆ ಸಿಕ್ಕಿಕೊಂಡ ತಾಮ್ರ, ಹಿತ್ತಾಳೆ ಚೂರುಗಳು ಉದುರುತ್ತವೆ, ಉದುರದ್ದನ್ನು ಎಳೆಯಬೇಕು. ಹೊರೆ ಇಳಿಸಿ, ಹರವಿ, ಆರಿಸಬಹುದು. ಮಾಲೀಕನಿಗೆ ಅಷ್ಟು ಪುರುಸೊತ್ತಿಲ್ಲ. ಹೊರೆಯನ್ನು ಗಾಳಿಯಲ್ಲೇ ನಿಲ್ಲಿಸಿ ಹೆಂಗಸರನ್ನು ಅದರಡಿ ನುಗ್ಗಿಸುತ್ತಾನೆ. ಆ ದಿನ ಸೋಮವ್ವ ಒಂದು ತಾಮ್ರದ ಕೊಳವೆ ಜಗ್ಗುತ್ತ ಕ್ರೇನು ನಡೆಸುವ ಸುಕೇಶನಿಗೆ, “ತಾಮ್ರಕ್ಕ ಮರ್ಯಾದಿ ಐತಿ ನೋಡೋ ಸುಕೇಶಾ, ಕರದವ್ರ ಹಿಂದ ಹೋಗಂಗಿಲ್ಲ” ಅಂದಳಂತೆ. ಎಲ್ಲರೂ ನಕ್ಕರಂತೆ.

ನಗು ಮುಗಿಯುವ ಮೊದಲೇ ಕರೆಂಟು ಹೋಯಿತು. ಲಾರಿಯ ಎಂಜಿನ್ನು, ತೊಲೆ, ಸರಳು ಎಲ್ಲ ಒಟ್ಟಿಗೇ ಬಂದವು. ಒಂದು ಸರಳು ಅವಳ ಭುಜದಲ್ಲಿ ಹೊಕ್ಕು ಸೊಂಟದಲ್ಲಿ ಹೊರಬಂತು. ಮುಖ ಉಳಿದಿರಲಿಲ್ಲ, ಬಳೆ ನೋಡಿ ಗುರುತು ಹಿಡಿದೆವು. ಕರೆಂಟು ಮರಳಿದಾಗ ಅದೇ ತಟ್ಟೆ ಇಳಿಸಿ ಕಬ್ಬಿಣ ಎತ್ತಿದರು. ಸರಳು ಮೇಲೆದ್ದಿತು, ಸರಳಿನ ಜೊತೆ ನಮ್ಮ ಸೋಮವ್ವನೂ ಎದ್ದಳು. ಅವಳ ತಂಗಿ ಚಂದ್ರವ್ವ ಕಾಲು ಹಿಡಿದುಕೊಳ್ಳಲು ಆ ಹೊರೆಯಡಿಗೇ ಓಡಿದಳು.

ಆಮೇಲೆ ನೀವು ಬಂದಿರಿ. ನಿಮ್ಮದೂ ನಮ್ಮೂರು ಇಂಡಿಯ ಕಡೆಯೆಂದು ತಿಳಿದು ನಮಗೆ ಜೀವ ಬಂತು. “ಅಳಬ್ಯಾಡ್ರಿ ಅಕ್ಕಾರ, ನಾ ಅದೀನಿ” ಎಂದು ಚಂದ್ರವ್ವನಿಗೆ ಹೇಳಿದಿರಿ. ಹಿಂದೆಯೂ ಕರೆಂಟು ಹೋಗಿ ಹೊರೆ ಬಿದ್ದದ್ದನ್ನು, ಅಂಥ ಹೊತ್ತಿನಲ್ಲಿ ತಟ್ಟೆಗೆ ಕರೆಂಟು ಕೊಟ್ಟು ಹೊರೆ ಹಿಡಿದಿಡಬೇಕಾದ ಬ್ಯಾಟರಿಯೇ ಇಲ್ಲದ್ದನ್ನು ಸುಕೇಶ ನನ್ನೆದುರೇ ನಿಮಗೆ ತಿಳಿಸಿದ. ವರದಿಯಲ್ಲಿ ಅದಿಲ್ಲ. ‘ಮೃತಳು ನಿಷೇಧಿತ ಜಾಗದಲ್ಲಿದ್ದಳು’ ಎಂದಿದೆ. ನಿಷೇಧದ ಫಲಕ ತಗುಲಿಸಿದ್ದು ನೀವು ಬಂದ ಬೆಳಿಗ್ಗೆ. ಮುಟ್ಟಿದರೆ ಬಣ್ಣ ಕೈಗೆ ಹತ್ತುತ್ತಿತ್ತು. ನೀವು ಮುಟ್ಟಲಿಲ್ಲವೇ, ಅಥವಾ ಮುಟ್ಟಿ ಕೈ ಒರೆಸಿಕೊಂಡಿರೇ?

ಸೋಮವಾರ ಅಕ್ಕನ ಜಾಗಕ್ಕೆ ಚಂದ್ರವ್ವನನ್ನು ಕರೆದಿದ್ದಾರೆ. ಬೇಡವೆಂದು ನಾನು ಗದರಿದೆ. “ನಾ ಹೋಗ್ಲಿಲ್ಲಂದ್ರ ಇನ್ನೊಬ್ಬಾಕಿ ನಿಲ್ತಾಳ, ಮಾಮಾ” ಎಂದಳು. ಅದಕ್ಕೆ ಉತ್ತರ ನಿಮ್ಮಲ್ಲಿದೆ.

ಸಹಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಬ್ಯಾಟರಿ ಹಾಕುವವರೆಗೆ, ತೂಗುವ ಹೊರೆಯಡಿ ಆಳು ಕಳಿಸುವುದು ನಿಲ್ಲುವವರೆಗೆ ಗೇಟು ತೆರೆಯಕೂಡದು. ಈ ಪತ್ರದಲ್ಲಿ ನಿಮ್ಮ ಹೆಸರು ಬರೆದಿಲ್ಲ. ಒಂದೇ ಕಡೆಯವರೆಂಬ ಮುಲಾಜು. ಚಂದ್ರವ್ವನ ಮೇಲೆ ಒಂದು ಮೊಳೆ ಬಿದ್ದರೂ ನಾನು ಪೊಲೀಸ್ ಠಾಣೆಗೆ ಹೋಗಿ ಕೊಲೆಯೆಂದು ಬರೆಸುತ್ತೇನೆ. ಅಲ್ಲಿ ಹೆಸರು ಕೇಳುತ್ತಾರೆ.

ಇಂತಿ,
ಒಬ್ಬಳಿಗೇ ಸೋದರಮಾವನಾಗಿ ಉಳಿದ
ಬಂಡೆಪ್ಪ, ಭಾಂಡುಪ್