ಮಿಂಚುಳ್ಳಿಯ ಬೆನ್ನಿನ ನೀಲಿ

ಬಣ್ಣದ ಕೋಣೆ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಕತ್ತು ನೋವು ಹೇಗಿದೆ? ಮ್ಯೂಸಿಯಮ್ಮಿನವರು ಎತ್ತರದ ಮೇಜು ಕೊಟ್ಟರೋ, ಈಗಲೂ ಕೊಕ್ಕರೆಯ ಹಾಗೆ ಬಗ್ಗಿಯೇ ಚಿತ್ರ ಬರೆಯುತ್ತಿದ್ದೀಯೋ? ನಾವು ಕ್ಷೇಮ ಎಂದು ಬರೆಯಹೊರಟೆ, ಪೆನ್ನು ಒಪ್ಪಲಿಲ್ಲ.

ಹಕ್ಕಿ ಪುಸ್ತಕದ ಪ್ರಕಾಶಕರು ಕಳೆದ ವಾರ ನಾವು ಬಣ್ಣ ಹಚ್ಚಿಕೊಟ್ಟ ನೂರಿಪ್ಪತ್ತು ಮಿಂಚುಳ್ಳಿ ಹಾಳೆಗಳನ್ನು ವಾಪಸ್ ಕಳಿಸಿದರು. ಅಚ್ಚಿನ ಕಪ್ಪು ಗೆರೆ ಸರಿಯಾಗಿದೆ, ಕೈಬಣ್ಣ ಕೆಟ್ಟಿದೆ. ಅಪ್ಪ ಬಳಿದ ನೀಲಿ ನೋಡಿದರೆ ಹಕ್ಕಿ ಶಾಯಿ ಕುಡಿಕೆಯಲ್ಲಿ ಬಿದ್ದೆದ್ದ ಹಾಗಿದೆ. ಅವರ ಕಣ್ಣಿಗೆ ಪೊರೆ ಬಂದಿದೆ ಅಕ್ಕಾ. ನೀಲಿ ಮಂಕಾಗಿ ಕಾಣುತ್ತದೆ, ಇನ್ನೊಂದು ಪದರ ಹಚ್ಚುತ್ತಾರೆ, ಆಮೇಲೆ ಮತ್ತೊಂದು. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ನನ್ನ ಕಣ್ಣಿನ ವಿಷಯ ನಿನ್ನ ಬಾಯಿಗೆ ಬೇಡ ಕಣೋ" ಎನ್ನುತ್ತಾರೆ. ಐವತ್ತು ವರ್ಷ ಹಕ್ಕಿಗಳಿಗೆ ಬಣ್ಣ ಹಚ್ಚಿದವರಿಗೆ, ನಿಮಗೆ ಬಣ್ಣ ಕಾಣುತ್ತಿಲ್ಲ ಎಂದು ಯಾವ ಬಾಯಿಂದ ಹೇಳಲಿ? ಅಪ್ಪನಿಗೆ ಹಟ, ನನಗೆ ಪ್ರಾಸದ ಚಟ, ನಡುವೆ ಹಕ್ಕಿಗೆ ಸಂಕಟ.

ಕದ್ದುಮುಚ್ಚಿ ಒದ್ದೆ ಸ್ಪಂಜಿನಿಂದ ನೀಲಿ ತೆಗೆಯಲು ನೋಡಿದೆ. ಕಾಗದ ಸುಲಿದು ಹಕ್ಕಿಗೆ ಹುಣ್ಣಾಯಿತು. ಬಣ್ಣ ಹಚ್ಚದ ಅಚ್ಚಿನ ಹಾಳೆಗಳು ಇನ್ನು ಉಳಿದಿರುವುದು ನೂರೈವತ್ತೇ. ಅಚ್ಚೊತ್ತುವ ತಾಮ್ರದ ತಗಡು ಸವೆದಿದೆ, ಮತ್ತೆ ಒತ್ತಲಾಗದು. ನಮಗಿರುವ ಆಧಾರ ಒಂದೇ: ನೀನು ಹೊಳೆದಂಡೆಯಲ್ಲಿ ಕೂತು, ಜೀವಂತ ಹಕ್ಕಿ ನೋಡಿ ಬಣ್ಣ ಹಚ್ಚಿ, ಮೂಲೆಯಲ್ಲಿ ಸಹಿ ಹಾಕಿಟ್ಟ ಮಾದರಿ ಹಾಳೆ. ಕೋಣೆಯ ರೂಢಿ ನಿನಗೆ ಗೊತ್ತಲ್ಲ: ಎಲ್ಲರೂ ಮಾದರಿ ನೋಡಿಯೇ ಹಚ್ಚಬೇಕು, ಮಾದರಿಯೇ ತಪ್ಪಾದರೆ ಅದಕ್ಕೆ ಸಹಿ ಹಾಕಿದವರೇ ಹೊಣೆ.

ಅಮ್ಮ ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಭಾವನಿಗೆ ನಮಸ್ಕಾರ, ಮಗುವಿಗೆ ಮುತ್ತು.

ನಿನ್ನ ಪುಟ್ಟ ತಮ್ಮ
(ನಲವತ್ತಾರಾದರೂ ಬಡ್ತಿ ಸಿಕ್ಕಿಲ್ಲ)

ಹೇಳಲು ಹೆದರಿ ಕೊನೆಗಿಟ್ಟದ್ದು: ಹಾಳೆಗಳು ವಾಪಸ್ ಬಂದ ದಿನ ಅಪ್ಪನ ಮುಖ ನೋಡಲಾಗದೆ, "ನೀವು ಸರಿಯಾಗೇ ಹಚ್ಚಿದ್ದೀರಪ್ಪಾ, ಅಕ್ಕನ ಮಾದರಿಯೇ ತಪ್ಪು" ಎಂದುಬಿಟ್ಟೆ. ಅವರಿಗೆ ಹೋದ ಜೀವ ಬಂತು. "ಮಗಳ ತಪ್ಪನ್ನ ಅಪ್ಪ ತಿದ್ದದೆ ಇನ್ಯಾರು ತಿದ್ತಾರೆ?" ಎಂದು ಶುಕ್ರವಾರ ಮಾದರಿ ಹಾಳೆಯ ಮೇಲೆಯೇ ಕುಂಚ ಇಡುತ್ತಾರಂತೆ. ಬಚ್ಚಿಟ್ಟರೆ ಯಾಕೆಂದು ಹೇಳಬೇಕು. ಬಿಟ್ಟರೆ ನಿಜವಾದ ನೀಲಿ ಎಲ್ಲೂ ಉಳಿಯುವುದಿಲ್ಲ. ಎರಡಕ್ಕೂ ನನಗೆ ಧೈರ್ಯವಿಲ್ಲ. ಗುರುವಾರದ ಬಸ್ಸಿಗೆ ಬಾ. ಬಂದು ನಿಜ ಹೇಳು, ಇಲ್ಲವೇ ಮಾಡದ ತಪ್ಪು ಒಪ್ಪಿಕೊಂಡು, ನಾನೇ ತಿದ್ದುತ್ತೇನೆಂದು ಆ ಹಾಳೆ ಕೇಳಿ ತೆಗೆದುಕೋ. ಬೈಯುವುದಿದ್ದರೆ ಆಮೇಲೆ ಬೈಯಿ. ಅಪ್ಪ ಆಗಲೇ ನೀಲಿ ಅರೆಯುತ್ತಿದ್ದಾರೆ, ಗುನುಗಿಕೊಂಡು.